ಮೆಟ್ಟಿಲ ಮೇಲೆ ಬಿಟ್ಟ ಕೈ

ಈಚೆಗೆ ನಮ್ಮ ಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವುದಿಲ್ಲ. ಸಾಸಿವೆ ಸಿಡಿದರೆ ಸಾಕು, ಕರಿಬೇವು ಚುರುಗುಟ್ಟಿದರೆ ಸಾಕು, ಸಾರಿಗೆ ಅಷ್ಟೇ ಮರ್ಯಾದೆ ಎಂದು ತೀರ್ಮಾನಿಸಿಬಿಟ್ಟಿದ್ದೇನೆ. ತುಮಕೂರಿನಲ್ಲಿರುವ ನನ್ನಮ್ಮ ಫೋನಿನಲ್ಲಿ ಇದನ್ನು ಕೇಳಿ, ಬಂಗಾಳಿಗಳ ಜೊತೆ ಇದ್ದೂ ಇದ್ದೂ ಖಾರ ಮರೆತೆಯಾ ಎಂದು ನಕ್ಕರು. ನಾನೂ ಹೂಂ ಎಂದೆ. ಮೆಣಸಿನಕಾಯಿ ಕಪ್ಪಾಗಿ ಘಾಟು ಎದ್ದೊಡನೆ ನನ್ನ ಕೈ ತಾನಾಗಿ ಸ್ಟೌ ಆರಿಸುತ್ತದೆ, ಕಾಲು ಆಗಲೇ ಬಾಗಿಲ ಕಡೆ ಹೊರಟಿರುತ್ತದೆ ಎಂದು ಅಮ್ಮನಿಗೆ ಹೇಳುವುದು ಹೇಗೆ? ಅಂಥದೊಂದು ದಿನವನ್ನು ನೀವೂ ದಾಟಿ ಬಂದಿದ್ದರೆ ನಿಮಗೆ ಗೊತ್ತಿರುತ್ತದೆ: ಅಪಾಯ ಮುಗಿಯಿತೆಂಬ ಸುದ್ದಿ ದೇಹಕ್ಕೆ ಇನ್ನೂ ತಲುಪಿರುವುದಿಲ್ಲ. ಅದು ಓಡುತ್ತಲೇ ಇರುತ್ತದೆ. ನಾವು ಅದರ ಹಿಂದೆ ಸುಸ್ತಾಗಿ ಕಾಲೆಳೆಯುತ್ತಿರುತ್ತೇವೆ.

ಪದ್ದಕ್ಕನ ವಿಷಯ ಹೇಳದೆ ಆ ದಿನದ ವಿಷಯ ಹೇಳಲಾಗದು. ಅವರ ಪೂರ್ತಿ ಹೆಸರು ಪದ್ಮಾವತಿ, ಕುಂದಾಪುರದ ಕಡೆಯವರು, ನಮ್ಮ ಮನೆಯ ಮೇಲಿನ ಮನೆ ಅವರದು. ಅವರ ಗಂಡ ರಾಯರು ಕೋಲ್ಕತ್ತದ ಬಿಬಿಡಿ ಬಾಗ್ ಪ್ರದೇಶದ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ನಾನು ಇಲ್ಲಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ಊರಿನಲ್ಲಾಗಿದ್ದರೆ ಅವರ ದೇವರ ಕೋಣೆಗೂ ನಮ್ಮ ಚರ್ಚಿಗೂ ನಡುವೆ ಎಷ್ಟು ಬೀದಿಗಳಿರುತ್ತಿದ್ದವೋ ತಿಳಿಯದು, ಆದರೆ ಕೋಲ್ಕತ್ತದಲ್ಲಿ ಕನ್ನಡವೊಂದೇ ಕಾರಣವಾಗಿ ಅವರು ನನಗೆ ಅಕ್ಕನಾದರು, ನಾನು ಅವರ ಬಾಯಲ್ಲಿ ಮಾರಾಯ್ತಿಯಾದೆ. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಕಸ್ಬಾ ಬಡಾವಣೆಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದ್ದ ಫಿಸಿಯೋಥೆರಪಿ ಕೇಂದ್ರಕ್ಕೆ ವಾರವಾರ ಹೋಗಬೇಕಾಗಿ ಬಂತು. ಶುಕ್ರವಾರ ಮಧ್ಯಾಹ್ನ ನನಗೆ ತರಗತಿ ಇರಲಿಲ್ಲ. ಕರೆದುಕೊಂಡು ಹೋಗುವ ಕೆಲಸವನ್ನು ನಾನಾಗಿಯೇ ಕೇಳಿ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಆ ಒಳ್ಳೆಯತನ ನನಗೆ ಬಹಳ ಹಿತವಾಗಿತ್ತು.

ಆ ಶುಕ್ರವಾರ ವ್ಯಾಯಾಮ ಮುಗಿಸಿ ಅವರು ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ದೀಪ ಹೋಯಿತು. ಕೋಲ್ಕತ್ತದಲ್ಲಿ ದೀಪ ಹೋದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಆಮೇಲೆ ರಬ್ಬರು ಸುಟ್ಟ ವಾಸನೆ, ಆಮೇಲೆ ಕೆಳಗಿನಿಂದ ಕೂಗು. ನೆಲಮಹಡಿಯ ಮೀಟರ್ ಬೋರ್ಡಿಗೆ ಬೆಂಕಿ ಹತ್ತಿತ್ತೆಂದು ನಮಗೆ ತಿಳಿದದ್ದು ಎಷ್ಟೋ ಹೊತ್ತಿನ ಮೇಲೆ. ಲಿಫ್ಟು ನಿಂತಿತ್ತು. ನಾನು ಪದ್ದಕ್ಕನ ಕೈ ಹಿಡಿದು ಮೆಟ್ಟಿಲಿಳಿಯತೊಡಗಿದೆ. ಇನ್ನೊಂದು ಕೈಯಲ್ಲಿ ಊರುಗೋಲು ಹಿಡಿದ ಅವರು ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ನಿಂತು, ಉಸಿರೆಳೆದುಕೊಂಡು, ಮುಂದಿನದಕ್ಕೆ ಕಾಲಿಡಬೇಕು. ನಮ್ಮನ್ನು ಸರಿಸಿಕೊಂಡು ಜನ ಇಳಿದುಹೋಗುತ್ತಿದ್ದರು. ಎರಡನೇ ಮಹಡಿ ದಾಟಿದ ತಿರುವಿನಲ್ಲಿ ಹೊಗೆ ಮೇಲೇರಿ ಬಂತು. ಕಪ್ಪಗೆ, ದಪ್ಪಗೆ, ಆತುರವೇ ಇಲ್ಲದೆ. ಕಣ್ಣು ಉರಿಯಿತು. ಪದ್ದಕ್ಕ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು.

ನಾನು ಅವರ ಬೆರಳುಗಳನ್ನು ಬಿಡಿಸಿದೆ. ಜಾರಿಹೋದದ್ದಲ್ಲ, ಯಾರೋ ದೂಡಿದ್ದರಿಂದ ತಪ್ಪಿದ್ದೂ ಅಲ್ಲ. ಎಡಗೈಯಿಂದ ಒಂದೊಂದೇ ಬೆರಳನ್ನು ಎತ್ತಿ, ಹಲಸಿನ ತೊಳೆಗೆ ಅಂಟಿದ ನಾರನ್ನು ಬಿಡಿಸುವ ಹಾಗೆ ಬಿಡಿಸಿ, ಓಡಿದೆ.

ರಸ್ತೆಗೆ ಬಂದು ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕುಸಿದೆ. ಯಾರೋ ಒಬ್ಬರು ಬಾಟಲಿ ಕೊಟ್ಟು, “ದಿದಿ, ಜೊಲ್ ಖಾನ್” ಎಂದು ನೀರು ಕುಡಿಸಿದರು. ಇನ್ನೊಬ್ಬರು ಬಗ್ಗಿ, ಒಳಗೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆನೋ, ಕೆಮ್ಮಿಗೆ ತಲೆ ಅಲುಗಿತೋ, ಇವತ್ತಿಗೂ ನನಗೆ ತಿಳಿಯದು. ಆಮೇಲೆ, ಎಷ್ಟು ಹೊತ್ತಿನ ಮೇಲೋ, ಇದ್ದಾರೆ, ಇದ್ದಾರೆ ಎಂದು ಕನ್ನಡದಲ್ಲಿ ಕಿರುಚಿದೆ. ಯಾರಿಗೂ ಅರ್ಥವಾಗಲಿಲ್ಲ.

ಪದ್ದಕ್ಕನ ಊರುಗೋಲು ಉರುಳಿದ ಸದ್ದು ಕೇಳಿ, ಮೇಲೆ ಬಾಗಿಲು ಹಾಕುತ್ತಿದ್ದ ಥೆರಪಿಸ್ಟ್ ಮೌಶುಮಿ ಕೆಳಗಿಳಿದು ಬಂದಿದ್ದಳಂತೆ. ಒದ್ದೆ ಟವೆಲು ಮುಖಕ್ಕೆ ಕಟ್ಟಿ, ಅವರನ್ನು ಸೊಂಟಕ್ಕೆ ಆನಿಸಿಕೊಂಡು ತಾರಸಿಗೆ ಹತ್ತಿಸಿದಳಂತೆ. ಹೊಗೆ ಇಳಿದ ಮೇಲೆ ಅಗ್ನಿಶಾಮಕದವರ ತೋಳು ಹಿಡಿದು ಪದ್ದಕ್ಕ ಹೊರಬಂದರು. ಮುಖವೆಲ್ಲ ಮಸಿ, ಮುಡಿದ ಹೂವು ಮಾತ್ರ ಹಾಗೇ ಇತ್ತು. ನನ್ನ ಬರಿಗಾಲು ನೋಡಿ ಅವರು ಆಡಿದ ಮೊದಲ ಮಾತು, “ಎಂತ ಮಾರಾಯ್ತಿ, ಚಪ್ಪಲಿ ಎಲ್ಲಿ? ಗಾಜು ಗೀಜು ಬಿದ್ದಿರ್ತದೆ, ನೋಡಿ ಕಾಲಿಡು.”

ಅಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ರಾಯರು ಆಫೀಸಿನಿಂದ ಓಡಿ ಬಂದು ನನ್ನನ್ನೂ ಅವರನ್ನೂ ತಿರುತಿರುಗಿ ನೋಡಿದಾಗ ಪದ್ದಕ್ಕ ಹೇಳಿದರು: “ನಾನೇ ದಬ್ಬಿದ್ದು ಅವಳನ್ನು, ನೀನು ಹೋಗು ಅಂತ. ಚಿಕ್ಕ ಮಗು ಉಂಟಲ್ಲ ಅವಳಿಗೆ.” ರಾಯರು ನನಗೆ ಕೈಮುಗಿದರು. ನಾನು ಬಾಯಿ ತೆರೆಯಲಿಲ್ಲ. ಸಂಜೆಯೊಳಗೆ ಆ ಮಾತು ನಾವಿರುವ ಇಡೀ ಕಟ್ಟಡದ ಮಾತಾಯಿತು. ನಂಬದಿದ್ದವಳು ನನ್ನ ಒಂಬತ್ತು ವರ್ಷದ ಮಗಳೊಬ್ಬಳೇ. “ಮಮ್ಮಾ, ಪದ್ದು ಆಂಟಿ ತೋ ಸ್ಲೋ ಹೈ ನಾ, ನೀನು ಯಾಕೆ ವೇಟ್ ಮಾಡ್ಲಿಲ್ಲ?” ಎಂದು ಕೇಳಿದಳು. ಹೋಮ್‌ವರ್ಕ್ ಮಾಡು ಎಂದೆ.

ಇನ್ನು ನಮ್ಮ ಮಂದಿಯ ಒಂದು ಪದ್ಧತಿ ಹೇಳಬೇಕು. ಈ ಊರಿನಲ್ಲಿರುವ ಕನ್ನಡ ಕ್ರೈಸ್ತ ಕುಟುಂಬಗಳು ಬೆರಳೆಣಿಕೆಯಷ್ಟು. ತಿಂಗಳಿಗೊಂದು ಭಾನುವಾರ ಸಂಜೆ ಯೋಹಾನ ಅಂಕಲ್ ಮನೆಯಲ್ಲಿ ಸೇರಿ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತೇವೆ. ಅಂಕಲ್ ಗದಗಿನ ಬೆಟಗೇರಿಯವರು, ರೈಲ್ವೆಯಲ್ಲಿದ್ದು ನಿವೃತ್ತರಾಗಿ ಇಲ್ಲೇ ಉಳಿದವರು. ಕಾಯಿಲೆಯಿಂದಲೋ ಅಪಘಾತದಿಂದಲೋ ಪಾರಾಗಿ ಬಂದವರು ಅಲ್ಲಿ ಎದ್ದು ನಿಂತು ಸಾಕ್ಷಿ ಹೇಳಬೇಕು. ಅದಕ್ಕೊಂದು ಕ್ರಮವುಂಟು: ಮೊದಲು ಅಪಾಯ, ನಡುವೆ ಪ್ರಾರ್ಥನೆ, ಆಮೇಲೆ ಬಿಡುಗಡೆ, ಕೊನೆಗೆ ಸ್ತೋತ್ರ. ಸುದ್ದಿ ತಿಳಿದ ಅಂಕಲ್ ಫೋನ್ ಮಾಡಿದರು. “ತಂಗೀ, ಈ ಸಲ ಸಾಕ್ಷಿ ನಿಂದ ನೋಡವಾ. ದೇವರು ಬೆಂಕಿಯೊಳಗಿಂದ ಎಳದ ತಂದಾನ, ಸುಮ್ಮನ ಕುಂದ್ರಬಾರದು. ಆ ಅಕ್ಕಾರನ್ನೂ ಕರಕೊಂಡ ಬಾ, ನಾವೂ ನೋಡತೀವಿ.”

ಕಾಲೇಜಿನಲ್ಲಿ ಪಾಠ ಮಾಡುವವಳಲ್ಲವೇ, ಎರಡು ಪುಟ ಬರೆದುಕೊಂಡೆ. ಹೊಗೆಯ ನಡುವೆ ನಾವಿಬ್ಬರೂ ಬೇರಾದೆವು ಎಂದು ಬರೆದೆ. ಆ ಘಳಿಗೆಯಲ್ಲೂ ಕರ್ತನ ಕೈ ನಮ್ಮ ಮೇಲಿತ್ತು ಎಂದು ಬರೆದೆ. ಓದಿ ನೋಡಿದರೆ ಒಂದು ವಾಕ್ಯವೂ ಸುಳ್ಳಲ್ಲ, ಆದರೆ ಎರಡು ಪುಟ ಸೇರಿ ಒಂದು ದೊಡ್ಡ ಸುಳ್ಳಾಗಿತ್ತು. ನಡುವೆ ಬರಬೇಕಾದ ಪ್ರಾರ್ಥನೆಯ ಜಾಗದಲ್ಲಿ ಪೆನ್ನು ನಿಂತಿತು. ಆ ಮೆಟ್ಟಿಲ ಮೇಲೆ ನಾನು ಪ್ರಾರ್ಥಿಸಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಯೇಸುವಿನ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ. ಬಾಯಿಗೆ ಬಂದದ್ದು, ನಾಚಿಕೆಯಿಲ್ಲದೆ ಹೇಳುತ್ತೇನೆ, ಬಿಡಿ ಅಕ್ಕ, ಬಿಡಿ ಎಂಬ ಎರಡು ಮಾತು.

ನೋಡಿ, ರಕ್ಷಣೆ ನಮ್ಮ ಪುಣ್ಯಕಾರ್ಯದ ಪ್ರತಿಫಲವಲ್ಲ, ಅದು ದೇವರು ಕರುಣೆಯಿಂದ ಕೊಡುವ ದಾನ, ನಂಬಿಕೆಯ ಕೈ ಚಾಚಿ ತೆಗೆದುಕೊಳ್ಳುವುದಷ್ಟೇ ನಮ್ಮ ಕೆಲಸ ಎಂಬುದನ್ನು ನಾನು ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಹೇಳಿ ಬಹುಮಾನ ಗೆದ್ದವಳು. ಬಹುಮಾನ ಗೆದ್ದೆ ಎಂಬುದೇ ತೊಂದರೆಯ ಮೂಲವೋ ಏನೋ. ಕೃಪೆ ಎಂಬುದು ಕುಡುಕರಿಗೆ, ಕಳ್ಳರಿಗೆ, ದಾರಿ ತಪ್ಪಿದವರಿಗೆ ಎಂದು ಒಳಗೊಳಗೇ ಅಂದುಕೊಂಡಿದ್ದೆ. ನನ್ನಂಥವರು ಅದನ್ನು ನಂಬಿದರೆ ಸಾಕು, ಅದರ ಅಗತ್ಯ ಬೀಳುವುದಿಲ್ಲ ಎಂದು. ನಂಬಿಕೆಯೆಂದರೆ ನನ್ನ ಹಿಡಿತದ ಬಲ ಎಂದುಕೊಂಡಿದ್ದೆ. ಆ ಹಿಡಿತ ಎಷ್ಟು ಮೆಟ್ಟಿಲಿನದು ಎಂಬುದು ಈಗ ನನಗೆ ಗೊತ್ತು.

ಇನ್ನೊಂದು ಪ್ರಶ್ನೆಯೂ ಇದೆ. ಮೌಶುಮಿಗೆ ಆ ಊರುಗೋಲಿನ ಸದ್ದು ಕೇಳಿಸದೆ ಹೋಗಿದ್ದರೆ? ಆಗಲೂ ನಾನು ಕೃಪೆ ಎನ್ನುತ್ತಿದ್ದೆನೇ? ಆಗಲೂ ನನಗೆ ಕ್ಷಮೆ ಇರುತ್ತಿತ್ತೇ? ಇರುತ್ತಿತ್ತು ಎಂದು ನಮ್ಮ ಮತ ಹೇಳುತ್ತದೆ. ಶಿಲುಬೆಯ ಕೆಳಗೆ ಯಾವ ಪಾಪವೂ ಅಳತೆ ಮೀರಿದ್ದಲ್ಲ ಎನ್ನುತ್ತದೆ. ಆದರೆ ರಾಯರ ಮುಖ ನೆನೆದರೆ ಆ ಮಾತನ್ನು ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ. ಪಾಠದ ಕೊಠಡಿಯಲ್ಲಿ ಗಿಡದ ಬೇರು ಬಿಡಿಸುತ್ತ ಎಷ್ಟೋ ಸಲ ಇದನ್ನೇ ಯೋಚಿಸಿ, ವಿದ್ಯಾರ್ಥಿಗಳು ಮೇಡಂ ಎಂದು ಎರಡು ಸಲ ಕರೆದ ಮೇಲೆ ಎಚ್ಚೆತ್ತಿದ್ದೇನೆ. ದಣಿದುಹೋಗಿದ್ದೆ. ತಪ್ಪು ಮಾಡುವುದಕ್ಕೆ ಒಂದು ಕ್ಷಣ ಸಾಕಾಗಿತ್ತು. ಅದನ್ನು ಮುಚ್ಚಿಡುವುದು ದಿನವಿಡೀ ಮಾಡಬೇಕಾದ ಕೆಲಸವಾಗಿತ್ತು.

ಕೆಲವು ವಾರಗಳ ಮೇಲೆ, ಸಭೆಯ ಭಾನುವಾರ ಅಂಕಲ್ ಮನೆಗೆ ಆಟೋದಲ್ಲಿ ಹೋಗುವಾಗ ಪದ್ದಕ್ಕ ತೊಡೆಯ ಮೇಲೆ ಚಕ್ಕುಲಿ ಡಬ್ಬಿ ಇಟ್ಟುಕೊಂಡು, “ನಿಮ್ಮಲ್ಲಿಗೆ ಹೂ ಮುಡಿದುಕೊಂಡು ಬರಬಹುದಾ?” ಎಂದು ಕೇಳಿದರು. ಮುಡಿದುಕೊಂಡೇ ಹೊರಟಿದ್ದೀರಲ್ಲ ಅಕ್ಕ ಎಂದೆ. “ಕೇಳಬೇಕಲ್ಲ, ಒಂದು ಮಾತು” ಎಂದರು.

ಹನ್ನೊಂದು ಜನ ಸೇರಿದ್ದೆವು. ಪದ್ದಕ್ಕನನ್ನು ಮನೆಯಲ್ಲಿದ್ದ ಒಂದೇ ಒಂದು ಕೈಕುರ್ಚಿಯಲ್ಲಿ ಕೂರಿಸಿದರು. ಹಾಡು ಮುಗಿಯಿತು. ನಾನು ಎದ್ದೆ, ಕಾಗದ ಬಿಡಿಸಿದೆ, ಅಪಾಯದ ಭಾಗವನ್ನು ಓದಿದೆ. ಹೊಗೆಯ ನಡುವೆ ಎಂಬಲ್ಲಿಗೆ ಬಂದು ತಲೆಯೆತ್ತಿದಾಗ ಪದ್ದಕ್ಕ ನನ್ನನ್ನೇ ನೋಡುತ್ತಿದ್ದರು. ಮಕ್ಕಳು ವೇದಿಕೆಯ ಮೇಲೆ ಪದ್ಯ ಮರೆತಾಗ ತಾಯಂದಿರು ನೋಡುತ್ತಾರಲ್ಲ, ಹಾಗೆ. ಕಾಗದ ಮಡಿಸಿದೆ.

ಅವರು ನನ್ನನ್ನು ದಬ್ಬಲಿಲ್ಲ ಎಂದೆ. ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು, ನಾನೇ ಅವರ ಬೆರಳು ಬಿಡಿಸಿ ಓಡಿದೆ, ಪ್ರಾರ್ಥನೆ ಮಾಡಲಿಲ್ಲ, ಹೊರಗೆ ಬಂದ ಮೇಲೂ ಬೇಗ ಹೇಳಲಿಲ್ಲ ಎಂದೆ. ನಾನು ಉಳಿದದ್ದರಲ್ಲಿ ನನ್ನ ನಂಬಿಕೆಯದಾಗಲಿ ಒಳ್ಳೆಯತನದ್ದಾಗಲಿ ಏನೂ ಇಲ್ಲ ಎಂದೆ. ಯಾರೂ ಸ್ತೋತ್ರ ಎನ್ನಲಿಲ್ಲ. ಒಬ್ಬರು ಕೆಳಗೆ ನೋಡಿದರು. ಅವರು ಅಂದಿನಿಂದ ನನ್ನ ಜೊತೆ ಅಷ್ಟಕ್ಕಷ್ಟೆ.

ಪದ್ದಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರ ದನಿಯಲ್ಲಿ ಕರುಣೆಗಿಂತ ರೇಗಾಟವೇ ಹೆಚ್ಚಿತ್ತು. “ಅದೆಂತ ನನಗೆ ಗೊತ್ತಿಲ್ಲದ್ದಾ? ಬೆರಳು ನನ್ನದೇ ಅಲ್ವಾ?”

“ಮತ್ತೆ ಹಾಗೆ ಯಾಕೆ ಹೇಳಿದಿರಿ, ಅಕ್ಕ?”

“ಮತ್ತೆ ಎಂತ ಹೇಳುವುದು? ರಸ್ತೆಯಲ್ಲಿ ನಿನ್ನ ಮುಖ ನೋಡಿದೆ. ಬೆಂಕಿಯಲ್ಲಿ ಸಿಕ್ಕಿದ್ದು ನಾನಾ ನೀನಾ ಅಂತ ಗೊತ್ತಾಗದ ಹಾಗೆ ಇತ್ತು. ನಾನು ಅವತ್ತೇ ಬಿಟ್ಟಾಯ್ತು ಅದನ್ನು. ನೀನು ಇನ್ನೂ ಹೊತ್ತುಕೊಂಡು ತಿರುಗ್ತಾ ಇದ್ದಿ ಅಂತ ನನಗೆ ಕನಸು ಬಿದ್ದಿತ್ತಾ?” ಎಂದವರು, “ಬೇಜಾರು ಆಗಲಿಲ್ಲ ಅಂತ ಅಲ್ಲ. ಆಗಿತ್ತು. ತಾರಸಿಯಲ್ಲಿ ಕೂತು ನಿನ್ನನ್ನು ಚೆನ್ನಾಗಿ ಬೈದೆ” ಎಂದರು.

ಯೋಹಾನ ಅಂಕಲ್ ಸಮಾಪ್ತಿಯ ಪ್ರಾರ್ಥನೆಗೆ ಎದ್ದರೆ ನಾವು ಬೆನ್ನಿಗೆ ದಿಂಬು ಹುಡುಕಿಕೊಳ್ಳುತ್ತೇವೆ, ಅಷ್ಟು ಉದ್ದ. ಆ ಸಂಜೆ ಅವರು ಕಣ್ಣು ಮುಚ್ಚಿ, “ತಂದೀ, ನಾವೆಲ್ಲಾರೂ ಇಂಥವರ ಅದೀವಿ. ಕೈ ಬಿಡಬ್ಯಾಡ. ಆಮೆನ್” ಎಂದಷ್ಟೇ ಹೇಳಿ ಕುಳಿತರು.

ಹಗುರಾದೆನೇ ಎಂದು ನೀವು ಕೇಳಬಹುದು. ಇಲ್ಲ. ಕ್ಷಮೆ ಸಿಕ್ಕರೆ ಹಕ್ಕಿಯಂತಾಗುತ್ತೇವೆ ಎಂದು ಯಾರು ಹೇಳಿದರೋ! ನನಗಂತೂ ಬಹಳ ದಿನ ನಿದ್ದೆಗೆಟ್ಟವರಿಗೆ ಹಾಸಿಗೆ ಕಂಡಂತಾಯಿತು, ಅಷ್ಟೇ. ಸಂತೋಷಕ್ಕಿಂತ ಆಯಾಸವೇ ಮೊದಲು ತೋರಿಕೊಂಡಿತು. ತೀರಿಸಲಾಗದ್ದನ್ನು ತೀರಿಸಬೇಕಾಗಿಲ್ಲ ಎಂದು ಕೇಳಿಸಿಕೊಳ್ಳುವುದು ನನ್ನಂಥ ಬಹುಮಾನದ ಹುಡುಗಿಯರಿಗೆ ಸುಲಭವಲ್ಲ. ನಾವು ಏನಾದರೂ ಮಾಡಬೇಕು ಎನ್ನುತ್ತೇವೆ. ನಾನೂ ಮರುದಿನ ಅವರ ಮನೆಗೆ ಸೊಪ್ಪಿನ ಸಾರು ಮಾಡಿ ಒಯ್ದೆ, ಔಷಧಿ ತಂದುಕೊಡಲೇ ಎಂದೆ, ಬಟ್ಟೆ ಮಡಿಸಲು ಕುಳಿತೆ. ಪದ್ದಕ್ಕ ನೋಡುವಷ್ಟು ನೋಡಿ, “ಎಂತ, ಪ್ರಾಯಶ್ಚಿತ್ತವಾ? ನಿಮ್ಮಲ್ಲಿ ಅದೆಲ್ಲ ಬೇಡ ಅಂತಾರಲ್ಲ, ನಿನ್ನೆ ಅಲ್ಲಿ ಹಾಡಿದ್ರು?” ಎಂದು ನನ್ನ ಕೈಯಿಂದ ರಾಯರ ಪಂಚೆ ಕಿತ್ತುಕೊಂಡರು. ನಮ್ಮ ಸಭೆಯ ಬೋಧಕರು ಎಷ್ಟೋ ವರ್ಷ ಹೇಳಿದ್ದನ್ನು, ದೇವರ ಕೋಣೆಯಲ್ಲಿ ದೀಪ ಹಚ್ಚಿ ಬಂದ ಆ ಹೆಂಗಸು ಪಂಚೆ ಮಡಿಸುತ್ತ ಹೇಳಿಬಿಟ್ಟರು. “ಶುಕ್ರವಾರ ಬರ್ತಿ ಅಲ್ವಾ? ಸೆಂಟರ್ ಮತ್ತೆ ತೆಗೆದಿದ್ದಾರಂತೆ. ಮೌಶುಮಿ ಫೋನ್ ಮಾಡಿದ್ದಳು.”

ಬೇರೆ ಕೇಂದ್ರ ನೋಡೋಣ ಎಂದೆ. ಬೇರೆಯವರ ಕೈಗೆ ತನ್ನ ಮಂಡಿ ಒಗ್ಗುವುದಿಲ್ಲ ಎಂದರು.

ಹೋದೆವು. ಗೋಡೆಗೆ ಹೊಸ ಸುಣ್ಣ, ಮೀಟರುಗಳು ಈಗ ಹೊರಗಿನ ಪೆಟ್ಟಿಗೆಯಲ್ಲಿ. ಲಿಫ್ಟಿಗೆ ಮಾತ್ರ ಇನ್ನೂ ಅನುಮತಿ ಸಿಕ್ಕಿರಲಿಲ್ಲ. ಹತ್ತಬೇಕಾಯಿತು. ಪದ್ದಕ್ಕ ಕೋಲೂರಿ ಮುಂದೆ, ನಾನು ಹಿಂದೆ. ಮೊದಲ ಮಹಡಿ ದಾಟಿ ಆ ತಿರುವಿಗೆ ಬಂದಾಗ ನನ್ನ ಕಾಲು ನಿಂತುಬಿಟ್ಟಿತು. ಸುಣ್ಣದ ವಾಸನೆಯ ಹೊರತು ಅಲ್ಲೇನೂ ಇರಲಿಲ್ಲ. ಆದರೂ ಕೈ ಕಂಬಿಗೆ ಅಂಟಿಕೊಂಡಿತು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ನನ್ನ ಹೆಜ್ಜೆಯ ಸದ್ದು ನಿಂತದ್ದು ಕೇಳಿ ಮೇಲಿದ್ದ ಅವರು ತಿರುಗಿದರು. ಎರಡೂ ಪಾದ ಊರಿ, ನಿಂತು, ಉಸಿರೆಳೆದುಕೊಂಡು, ಒಂದು ಮೆಟ್ಟಿಲು ಇಳಿದರು. ಮತ್ತೊಂದು ಇಳಿದರು. ಇಳಿಯುವುದು ಅವರಿಗೆ ಹತ್ತುವುದಕ್ಕಿಂತ ಕಷ್ಟ ಎಂದು ನನಗೆ ಗೊತ್ತಿತ್ತು.

ನನ್ನ ಪಕ್ಕದ ಮೆಟ್ಟಿಲಿಗೆ ಬಂದು, ಏದುಸಿರು ಬಿಡುತ್ತ ಅಲ್ಲೇ ಕುಳಿತರು. “ಕೂತ್ಕೊ” ಎಂದರು. “ನಿಧಾನಕ್ಕೆ ಹೋಗುವ. ನನಗೆಂತ ಅರ್ಜೆಂಟಿಲ್ಲ.”

ಕುಳಿತೆ.