ಟ್ಯೂಸ್‌ಡೇ ಲಾಂಡ್ರಿಯ ಡ್ರಮ್ಮರ್ ನಾನೇ

ನಲವತ್ತು ದಾಟಿದ ಮೇಲೆ ನಾನು ಬ್ರಿಟಿಷರ ರಾಕ್ ಬ್ಯಾಂಡ್ ಸೇರಿದೆ. ನಗಬೇಡಿ. ನಿಮ್ಮೆಲ್ಲರ ಪಾಲಿನ ನಗುವನ್ನೂ ನನ್ನ ಹೆಂಡತಿ ಹಿಲ್ಡಾ ಆಗಲೇ ನಕ್ಕು ಮುಗಿಸಿದ್ದಾಳೆ.

ಆದದ್ದು ಹೀಗೆ. ಮಸ್ಕತ್‌ನ ಅಲ್ ಖುವೈರ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿಗೆ ಕಳೆದ ವರ್ಷ ಇಂಗ್ಲೆಂಡಿನ ದಂಪತಿ ಬಂದರು. ಕ್ಲೇರ್ ಮತ್ತು ಸೈಮನ್. ಇಲ್ಲಿನ ಸಂಸ್ಥೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ. ಕ್ಲೇರ್ ಗಿಟಾರ್ ಹಿಡಿದು ಹಾಡುತ್ತಾಳೆ, ಸೈಮನ್ ಬೇಸ್ ನುಡಿಸುತ್ತಾನೆ. ಜೊತೆಗೆ ಬಂದಿದ್ದ ಡ್ರಮ್ಮರ್ ಗೆಳೆಯ ಇಲ್ಲಿನ ಜೂನ್ ತಿಂಗಳ ಬಿಸಿಲು ನೋಡಿ ಊರಿಗೆ ಹೋದವನು ತಿರುಗಿ ಬರಲಿಲ್ಲ, ಅವನ ಡ್ರಮ್ ಸೆಟ್ ಮಾತ್ರ ಇಲ್ಲೇ ಉಳಿಯಿತು.

ಒಂದು ಸಂಜೆ ಬೆಲ್ ಆಯಿತು. ಬಾಗಿಲಲ್ಲಿ ಕ್ಲೇರ್.

"ನೀವು ಡ್ರಮ್ ಬಾರಿಸ್ತೀರಂತೆ. ವಾಚ್‌ಮನ್ ಹೇಳಿದ."

ಹೌದು, ಮಂಗಳೂರಿನಲ್ಲಿದ್ದಾಗ ಮದುವೆಗಳಿಗೆ ಬಾರಿಸುತ್ತಿದ್ದೆ ಅಂದೆ.

"ನಮ್ಮದು ಇಂಡಿ ಬ್ಯಾಂಡ್."

"ಇಂಡಿಯಾದ್ದಾ?"

ಅವಳು ನಕ್ಕಳು. ಇಂಡಿ ಅಂದರೆ ಸ್ವತಂತ್ರ. ಯಾವ ರೆಕಾರ್ಡ್ ಕಂಪೆನಿಯೂ ಅವರಿಗೆ ಸಹಿ ಹಾಕಿ ಒಪ್ಪಂದ ಕೊಟ್ಟಿರಲಿಲ್ಲ. (ಗಲ್ಫಿನ ಭಾಷೆಯಲ್ಲಿ ಹೇಳುವುದಾದರೆ, ಕಫೀಲ್ ಇಲ್ಲದ ಬ್ಯಾಂಡ್. ನಮ್ಮ ಜವಾಬ್ದಾರಿ ಹೊತ್ತ ಆ ಧಣಿಯ ಸಹಿ ಇಲ್ಲದೆ ನಮಗಿಲ್ಲಿ ವೀಸಾ ಇಲ್ಲ, ಕೆಲಸ ಇಲ್ಲ. ಇವರು ನೋಡಿದರೆ ಯಾರ ಸಹಿಯೂ ಇಲ್ಲದೆ ವರ್ಷಗಟ್ಟಲೆ ಹಾಡಿದ್ದಾರೆ!) ಬ್ಯಾಂಡಿನ ಹೆಸರು ಟ್ಯೂಸ್‌ಡೇ ಲಾಂಡ್ರಿ.

"ಬಟ್ಟೆ ಒಗೆಯುವ ಹೆಸರಾ?" ಹಿಲ್ಡಾ ಕೇಳಿದಳು. "ಈ ಪ್ರಾಯದಲ್ಲಿ ನಿಮ್ಗೆ ಮಂಡೆ ಸಮ ಉಂಟಾ?"

ಸಮ ಇರಲಿಲ್ಲ ಅಂತ ಕಾಣುತ್ತದೆ. ಸೇರಿಯೇಬಿಟ್ಟೆ.

ಫ್ಲ್ಯಾಟಿನಲ್ಲಿ ಡ್ರಮ್ ಬಾರಿಸಿದರೆ ನೆರೆಯವರು ಸುಮ್ಮನಿರುತ್ತಾರೆಯೇ? ವಾದಿ ಕಬೀರ್‌ನಲ್ಲಿ ಗ್ಯಾರೇಜ್ ನಡೆಸುವ ನಮ್ಮ ಉಳ್ಳಾಲದ ಹಮೀದಾಕನನ್ನು ಕೇಳಿದೆ. "ಶುಕ್ರವಾರ ರಜೆಯಲ್ವಾ, ಬಾರಿಸಿ ಮಾರ್ರೆ. ಕಾರುಗಳಿಗೆಂತ ಕಿವಿ ಉಂಟಾ?" ಅಂದರು.

ಹೀಗೆ ಪ್ರತಿ ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಸಿ ನಾನು ಗ್ಯಾರೇಜಿಗೆ. ಕ್ಲೇರ್‌ಳದ್ದು ಒಂದೇ ಹಠ. ಹಾಡಿದರೆ ಸ್ವಂತ ಹಾಡು. ತಮ್ಮೂರಿನ ಮುಚ್ಚಿದ ಮಿಲ್ಲು, ಬಾರದ ಬಸ್ಸು, ಅಮ್ಮನ ರಾತ್ರಿಪಾಳಿ, ಎಲ್ಲವೂ ಅವಳಿಗೆ ಹಾಡು.

ಅಷ್ಟರಲ್ಲಿ ದೊಡ್ಡ ಹೋಟೆಲೊಂದು ಕರೆಯಿತು. ನಾನು ಚರ್ಚಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ. ಮ್ಯಾನೇಜರನದ್ದು ಒಂದೇ ಷರತ್ತು: ಜನರಿಗೆ ಗೊತ್ತಿರುವ ಹಾಡುಗಳು ಮಾತ್ರ.

"ಮಧ್ಯೆ ನಮ್ಮದೊಂದು ಸೇರಿಸಿದ್ರಾಯ್ತು. ಯಾರಿಗೆ ಗೊತ್ತಾಗ್ತದೆ?" ಅಂದೆ ನಾನು. (ಮದುವೆ ಬ್ಯಾಂಡಿನವನ ಬುದ್ಧಿ!)

"ಅವರಿಗೆ ಬೇಕಾದ್ದು ಟೇಪ್ ರೆಕಾರ್ಡರ್. ಅದು ಅವರ ಹತ್ತಿರ ಇರಬಹುದಲ್ಲ?" ಅಂದಳು ಕ್ಲೇರ್. ಹೋಟೆಲ್ ಕೈತಪ್ಪಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚರ್ಚಿನಲ್ಲಿ ಮುಖ ತೋರಿಸುವುದು ಹೇಗೆ?

ಮುಂದಿನ ಶುಕ್ರವಾರ ಸೈಮನ್ ಬೇಸ್ ಕೆಳಗಿಟ್ಟ. ಕಾಂಟ್ರಾಕ್ಟ್ ಮುಗಿಯುತ್ತಿದೆ, ಊರಿನಲ್ಲಿ ಶಾಲೆಯ ಕೆಲಸ ಸಿಕ್ಕಿದೆ, ಇನ್ನು ಬ್ಯಾಂಡ್ ಸಾಕು ಅಂದ. ಯಾರಿಗೂ ಬೇಡದ ಹಾಡನ್ನು ಎಷ್ಟು ದಿನ ಹಾಡುವುದು?

ಕ್ಲೇರ್‌ಳ ಕಣ್ಣು ತುಂಬಿತ್ತು. ಆಮೇಲೆ ಗ್ಯಾರೇಜನ್ನೊಮ್ಮೆ ನೋಡಿ, "ಮುಗಿಸುವುದಾದ್ರೆ ಹಾಡಿ ಮುಗಿಸುವ. ಇಲ್ಲೇ" ಅಂದಳು.

"ಇಲ್ಲಿಯಾ? ಬಟ್ಟೆಗೆಲ್ಲ ಗ್ರೀಸ್ ಹಿಡೀತದೆ" ಅಂದರು ಹಮೀದಾಕ. ಆದರೆ ಗ್ಯಾರೇಜಿನ ಮಾಲೀಕನಾದ ಒಮಾನಿ ಅರಬಾಬನ ಒಪ್ಪಿಗೆ ಕೇಳಿದವರೂ, ನೆಲ ತೊಳೆಸಿದವರೂ ಅವರೇ.

ಅದರ ಮುಂದಿನ ಶುಕ್ರವಾರ ಸಂಜೆ ಮೆಕ್ಯಾನಿಕ್‌ಗಳು, ರುಸೈಲ್ ಫ್ಯಾಕ್ಟರಿಯಿಂದ ಬಂದ ನಮ್ಮೂರಿನವರು, ಚರ್ಚಿನ ಕೆಲವು ಸಂಸಾರಗಳು, ಕ್ಲೇರ್‌ಳ ಜೊತೆಗೆ ಕಲಿಸುವವರು ಬಂದರು. ಮುಂದಿನ ಕುರ್ಚಿಯಲ್ಲಿ ಅರಬಾಬ್. ಪಕ್ಕದಲ್ಲಿ ಹಿಲ್ಡಾ, ಮುಖ ಗಂಟಿಕ್ಕಿಕೊಂಡು.

ಎರಡನೇ ಹಾಡಿನ ನಡುವೆ ಫಟ್ ಅಂತ ಕರೆಂಟ್ ಹೋಯಿತು. ಮೈಕ್ ಇಲ್ಲ, ಗಿಟಾರ್ ಇಲ್ಲ, ಬೇಸ್ ಇಲ್ಲ. "ಖಲಾಸ್!" ಅಂತ ಹಿಂದಿನಿಂದ ಯಾರೋ ಕೂಗಿದರು. ಜನ ಏಳತೊಡಗಿದರು.

ಕ್ಲೇರ್ ನನ್ನತ್ತ ತಿರುಗಿ, "ಡೋಂಟ್ ಸ್ಟಾಪ್!" ಅಂದಳು.

ಡ್ರಮ್ಮಿಗೆ ಕರೆಂಟ್ ಯಾಕೆ ಬೇಕು? ಬಾರಿಸಿದೆ. ಅವಳು ಮೈಕ್ ಬಿಟ್ಟು ಮುಂದೆ ಬಂದು ಬರೀ ಗಂಟಲಲ್ಲಿ ಹಾಡಿದಳು. ಸೈಮನ್ ಬೇಸ್ ಬದಿಗಿಟ್ಟು ಚಪ್ಪಾಳೆಯಲ್ಲಿ ತಾಳ ಹಿಡಿದ. ಕೇಳಿಸಬೇಕಲ್ಲ, ಎದ್ದವರು ಹೊರಗೆ ಹೋಗುವ ಬದಲು ಹತ್ತಿರ ಬಂದರು. ಮುಚ್ಚಿದ ಮಿಲ್ಲಿನ ಹಾಡದು. ಅವಳ ಸ್ವರ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ನನ್ನ ಭುಜ ಉರಿಯುತ್ತಿತ್ತು. ಕೈ ಎತ್ತಲಾಗದಿದ್ದರೂ ಸರಿ, ಇವಳಿಗಿಂತ ಮೊದಲು ನಾನು ನಿಲ್ಲುವುದಿಲ್ಲ ಅಂದುಕೊಂಡೆ.

ಹಾಡು ಮುಗಿದಾಗ ಅರಬಾಬ್ ಕೈ ಎತ್ತಿ, "ಮರ್ರಾ ಥಾನಿಯಾ!" ಅಂದ. ಇನ್ನೊಮ್ಮೆ!

"ಪದ ಒಂದೂ ಅರ್ಥ ಆಗ್ಲಿಲ್ಲ. ಆದ್ರೆ ಅವಳ ಊರಿನಲ್ಲಿ ಎಂತದೋ ಆಗಿದೆ ಅಂತ ಗೊತ್ತಾಯ್ತು" ಅಂದರು ಹಮೀದಾಕ. ಹಿಲ್ಡಾ ಮನೆಗೆ ಬಂದು ನನ್ನ ಭುಜಕ್ಕೆ ಮುಲಾಮು ಹಚ್ಚಿದಳು.

ಟ್ಯೂಸ್‌ಡೇ ಲಾಂಡ್ರಿಯ ಕಥೆ ಅಲ್ಲಿಗೆ ಮುಗಿಯಿತು. ಮೊನ್ನೆ ಇಬ್ಬರನ್ನೂ ಏರ್‌ಪೋರ್ಟಿಗೆ ಬಿಟ್ಟೆ. ಡ್ರಮ್ ಸೆಟ್ ನಿಮಗೇ ಇರಲಿ ಅಂದ ಸೈಮನ್. ಕೊನೆಗೂ ಯಾರೂ ಸಹಿ ಹಾಕಲಿಲ್ಲವಲ್ಲ, ಬೇಜಾರಾ ಅಂತ ಕ್ಲೇರ್‌ಳನ್ನು ಕೇಳಿದೆ. "ಬೇಜಾರೇ" ಅಂದಳು ನೇರವಾಗಿ. "ಆದ್ರೆ ಹಾಡಿದ್ದು ಹಾಡಿದ್ದೇ ಅಲ್ವಾ?"

ಕಾರು ಓಡಿಸುತ್ತಾ ಬರುವಾಗ ಮಂಗಳೂರಿನ ನಮ್ಮ ಮದುವೆ ಬ್ಯಾಂಡ್ ನೆನಪಾಯಿತು. ನಮ್ಮ ಗಿಟಾರಿಸ್ಟ್ ಲಾರೆನ್ಸ್ ಕೊಂಕಣಿಯಲ್ಲಿ ಒಳ್ಳೊಳ್ಳೆ ಹಾಡು ಕಟ್ಟುತ್ತಿದ್ದ, ವ್ಯಾನಿನಲ್ಲಿ ನಮಗಷ್ಟೇ ಹಾಡುತ್ತಿದ್ದ. ಮದುವೆಗಳಲ್ಲಿ ನಾವು ಒಂದನ್ನೂ ಬಾರಿಸಲಿಲ್ಲ. ಈಗಲೂ ಅವು ನನಗೆ ಬಾಯಿಪಾಠ. ಈ ಶುಕ್ರವಾರ ಗ್ಯಾರೇಜಿನಲ್ಲಿ ಅವನ್ನೇ ಹಾಡುತ್ತಾ ಬಾರಿಸುತ್ತೇನೆ, ಕೇಳುವುದಕ್ಕೆ ಹಮೀದಾಕ ಒಬ್ಬರೇ ಇದ್ದರೂ ಸರಿ.

ನಮ್ಮ ಹಾಡು ಯಾರಿಗೆ ಬೇಕು ಅಂತ ಅಷ್ಟು ವರ್ಷ ಹೇಳುತ್ತಿದ್ದೆವಲ್ಲ, ಯಾರನ್ನು ಕೇಳಿ ಹೇಳಿದ್ದೆವು?