ಒಂದೇ ಥಾನಿನ ಬಟ್ಟೆ

ಆ ದಿನಗಳಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದದ್ದು ಇಸ್ತ್ರಿಪೆಟ್ಟಿಗೆ. ಅಪ್ಪ ಹಿತ್ತಲ ಕಟ್ಟೆಯ ಮೇಲೆ ಕೂತು ಇದ್ದಿಲು ಊದುವ ಸದ್ದು, ಆಮೇಲೆ ಒದ್ದೆ ಬಟ್ಟೆಯ ಮೇಲೆ ಕಾದ ಕಬ್ಬಿಣ ಹರಿದಾಗ ಏಳುವ ಬಿಸಿ ವಾಸನೆ. ಅದು ಮೂಗಿಗೆ ಬಂತೆಂದರೆ ಚರ್ಚಿನ ಪೂಜೆಗೆ ಹೊತ್ತಾಯಿತು ಅಂತ ಅರ್ಥ. ಆ ಭಾನುವಾರವೂ ಹಾಗೇ ಎದ್ದೆ. ಎದ್ದವಳು ಹಾಸಿಗೆಯ ಆಚೆಯ ಅರ್ಧಕ್ಕೆ ಕೈ ಹಾಕಿ ನೋಡಿದೆ. ತಣ್ಣಗಿತ್ತು. ಜೂನ್‌ನಿಂದಲೂ ತಣ್ಣಗೇ ಇತ್ತು. ಕೈಗೆ ಮಾತ್ರ ಅಭ್ಯಾಸ ಬಿಟ್ಟಿರಲಿಲ್ಲ.

ಜೂನ್‌ನಲ್ಲಿ ನಮ್ಮ ರೀಟಕ್ಕ ಪಿಯುಸಿ ಮುಗಿಸಿ, ಸಿಸ್ಟರ್ ಆಗುತ್ತೇನೆಂದು ಹರಿಹರದ ಕನ್ಯಾಮಠ ಸೇರಿದ್ದಳು. ದಾವಣಗೆರೆಯಿಂದ ಹರಿಹರ ಏನು ಮಹಾ ದೂರ! ಬಸ್ಸಿನಲ್ಲಿ ಕೂತು ಶೇಂಗಾ ಪೊಟ್ಟಣ ಬಿಚ್ಚಿದರೆ ತಿಂದು ಮುಗಿಯುವಷ್ಟರಲ್ಲಿ ಊರು ಬರುತ್ತದೆ. ಆದರೆ ಮಠದ ಗೇಟಿನೊಳಗೆ ಹೋದವಳು ತಿಂಗಳ ಕೊನೆಯ ಭಾನುವಾರ ಮಾತ್ರ, ಅದೂ ಒಂದಿಷ್ಟು ಹೊತ್ತು, ನಮ್ಮವಳಾಗುತ್ತಿದ್ದಳು. ಮಿಕ್ಕ ದಿನಗಳಲ್ಲಿ ನನ್ನ ಜಡೆ ಅಮ್ಮನ ಕೈಗೆ ಬಿದ್ದಿತ್ತು. ಅಮ್ಮ ಹೆಣೆದರೆ ಹುಬ್ಬು ಮೇಲೆ ಎಳೆದಂತಾಗುತ್ತಿತ್ತು. ಅಕ್ಕ ಹಾಗಲ್ಲ, ಕಥೆ ಹೇಳುತ್ತಾ ಹೆಣೆಯುತ್ತಿದ್ದಳು, ಕಥೆ ಮುಗಿಯದಿದ್ದರೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

ವಿನೋಬನಗರದಲ್ಲಿ ಅಪ್ಪನ ಟೈಲರಿಂಗ್ ಅಂಗಡಿ ಇತ್ತು. ಪ್ರತಿ ವರ್ಷ ಕ್ರಿಸ್ಮಸ್ ಕಾರ್ಡಿಗೆ ನಮ್ಮದೊಂದು ಫೋಟೋ ಆಗಬೇಕು. ಫೋಟೋಕ್ಕೆ ಎಲ್ಲರೂ ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆ ಉಡಬೇಕು. ಇದು ಅಪ್ಪನೇ ಮಾಡಿಕೊಂಡ ಶಾಸ್ತ್ರ. ಅಪ್ಪನಿಗೆ ಅಂಗಿ, ಅಮ್ಮನಿಗೆ ರವಿಕೆ, ಅಕ್ಕನಿಗೆ ಚೂಡಿದಾರ, ಉಳಿದ ತುಂಡಿನಲ್ಲಿ ನನಗೆ ಫ್ರಾಕು. ಆ ವರ್ಷದ್ದು ನವಿಲುನೀಲಿ, ಮೇಲೆ ಬಿಳಿ ಚುಕ್ಕಿ. ಅಕ್ಕ ಮನೆಯಲ್ಲಿಲ್ಲ, ಅಳತೆ ಯಾರು ಕೊಡಬೇಕು? ಅಪ್ಪ ಕಣ್ಣು ಮುಚ್ಚಿ ನೆನಪಿನಲ್ಲೇ ಕತ್ತರಿಸಿದರು. “ಅಲ್ಲಿ ಊಟ ಹೆಂಗೈತೋ, ದಪ್ಪಗಾಗ್ಯಾಳೋ ಸಣ್ಣಗಾಗ್ಯಾಳೋ,” ಅಂದುಕೊಳ್ಳುತ್ತಾ ಹೊಲಿಗೆಯ ಒಳಗೆ ಎರಡೂ ಕಡೆ ಬಟ್ಟೆ ಹೆಚ್ಚು ಬಿಟ್ಟರು.

ಪ್ರತಿ ಫೋಟೋದಲ್ಲೂ ಅಪ್ಪ ಅಮ್ಮ ಕುರ್ಚಿಯಲ್ಲಿ, ನಾನು ಅವರ ನಡುವೆ, ಅಕ್ಕ ನನ್ನ ಹಿಂದೆ. ಕ್ಯಾಮೆರಾದವನು “ರೆಡಿ” ಅನ್ನುತ್ತಿದ್ದ ಹಾಗೆ ಅಕ್ಕ ತನ್ನ ಜಡೆಯ ತುದಿಯನ್ನು ಮೂಗಿನ ಕೆಳಗೆ ಹಿಡಿದು, ತುಟಿ ಅಲ್ಲಾಡಿಸದೆ ಪಿಸುಗುಟ್ಟುತ್ತಿದ್ದಳು: “ಪುಟ್ಟೀ, ಮೀಸೆ.” ನಾನು ತಿರುಗಿ ನೋಡುವಂತಿಲ್ಲ. ನೋಡದೆಯೇ ನಗು ಬಂದುಬಿಡುತ್ತಿತ್ತು. ಫೋಟೋ ಹೊಡೆಯುವ ಹೊತ್ತಿಗೆ ಅವಳ ಕೈ ಕೆಳಗೆ, ಮುಖ ದೇವತೆಯಂತೆ ಗಂಭೀರ. ನಮ್ಮ ಹಳೆಯ ಕಾರ್ಡುಗಳಲ್ಲೆಲ್ಲ ನಾನೊಬ್ಬಳೇ ಹಲ್ಲು ಕಿರಿದುಕೊಂಡಿದ್ದೇನೆ. ಆ ಸಲ ನನಗೆ ಬೇಕಿದ್ದದ್ದು ಅದೊಂದೇ. ಬಟ್ಟೆಯಲ್ಲ, ಕೇಕಲ್ಲ, ಹಿಂದಿನಿಂದ ಬರುವ ಆ ಎರಡು ಮಾತು.

ಬೆಳಗಿನ ಪೂಜೆಯಲ್ಲಿ ಪೀಠಕ್ಕೆ ನೇರಳೆ ವಸ್ತ್ರ ಹೊದಿಸಿದ್ದರು. ಹಸಿರು ಬಳೆಯಂಥ ಎಲೆಗಳ ಚಕ್ರದಲ್ಲಿ ಮೊದಲನೆಯ ಮೇಣದಬತ್ತಿ ಹಚ್ಚಿದರು. ಆಗಮನ ಕಾಲ ಶುರುವಾಯಿತು, ಇನ್ನು ಕ್ರಿಸ್ಮಸ್‌ವರೆಗೆ ಪ್ರಾರ್ಥನೆ, ಮೌನ, ಕಾಯುವಿಕೆ ಅಂತ ಫಾದರ್ ಹೇಳಿದರು. ನಾವು ಮೂವರೂ ತಲೆಯಾಡಿಸಿ ಕೇಳಿದೆವು. ಮನಸ್ಸೆಲ್ಲ ಬಟ್ಟೆಯ ಚೀಲದ ಮೇಲೆ.

ಮಂಡಕ್ಕಿ ಒಗ್ಗರಣೆ ತಿಂದು ಬಸ್ಸು ಹತ್ತಿದೆವು. ಅಮ್ಮನ ತೊಡೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ, ಅಪ್ಪನ ಮೊಣಕಾಲ ಮೇಲೆ ಪೇಪರಿನಲ್ಲಿ ಸುತ್ತಿದ ಚೂಡಿದಾರ. ಮಡಿಕೆ ಕೆಡುತ್ತದೆಂದು ದಾರಿಯುದ್ದಕ್ಕೂ ಅಂಗೈ ಮೇಲೇ ಇಟ್ಟುಕೊಂಡಿದ್ದರು, ಪ್ರಸಾದದ ತಟ್ಟೆಯ ಹಾಗೆ. ಅಪ್ಪನ ಅಂಗಡಿಯ ಪಕ್ಕ ಸ್ಟುಡಿಯೋ ಇಟ್ಟಿದ್ದ ಇಮ್ತಿಯಾಜ್ ಭಾಯ್ ಹೊಸ ಡಿಜಿಟಲ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ನಮಗಿಂತ ಮೊದಲೇ ಬಂದು ಮಠದ ಗೇಟಿನಲ್ಲಿ ನಿಂತಿದ್ದ.

“ಏನ್ ಟೇಲರಣ್ಣ, ಗೇಟಿಗೆ ಬೀಗ ಐತಲ್ರಿ,” ಅಂದ.

ಅಪ್ಪ ಗಂಟೆ ಎಳೆದರು. ವಯಸ್ಸಾದ ಸಿಸ್ಟರೊಬ್ಬರು ಬಂದರು. ಬೀಗ ತೆಗೆಯುವ ಮೊದಲೇ ನಮ್ಮ ಮೂವರ ಚುಕ್ಕಿ ಬಟ್ಟೆ ನೋಡಿ ಅವರಿಗೆ ಎಲ್ಲ ಅರ್ಥವಾಗಿಬಿಟ್ಟಿತೇನೋ, ಮುಖ ಮೆತ್ತಗಾಯಿತು.

“ರೀಟಾ ಅವರ ಮನೆಯವರಲ್ಲವಾ? ಇವತ್ತಿನಿಂದ ಆಗಮನ ಕಾಲ. ಕ್ರಿಸ್ಮಸ್ ಆಗುವ ತನಕ ಹುಡುಗಿಯರಿಗೆ ಮೌನ, ಭೇಟಿ ಇಲ್ಲ. ಸೇರಿಸುವಾಗಲೇ ಹೇಳಿದ್ದೆವಲ್ಲ.”

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಅಪ್ಪನ ಮುಖ. ತಿಂಗಳ ಕೊನೆಯ ಭಾನುವಾರ ಅಂತ ಇಬ್ಬರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದರು. ಆ ಭಾನುವಾರವೇ ಆಗಮನದ ಮೊದಲ ಭಾನುವಾರ ಅಂತ ಒಬ್ಬರಿಗೂ ಹೊಳೆದಿರಲಿಲ್ಲ. ಬೆಳಿಗ್ಗೆ ಮೇಣದಬತ್ತಿ ಹಚ್ಚಿದ್ದನ್ನು ಕಣ್ಣಾರೆ ನೋಡಿಯೂ.

“ಒಂದ್ ಫೋಟೋ ಅಷ್ಟೆ ಸಿಸ್ಟರ್,” ಅಂದರು ಅಮ್ಮ. “ಮಾತಾಡ್ಸೋದಿಲ್ಲ. ಸುಮ್ನೆ ಬಂದು ನಿಂತು ಹೋಗ್ಲಿ.”

“ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತಮ್ಮ.” ಹಾಗೆಂದರೂ ಅವರು ಗೇಟು ತೆಗೆದರು, ನೀರು ತರಿಸಿ ಕೊಟ್ಟರು, ಹೋಳಿಗೆಯ ಡಬ್ಬಿ ತೆಗೆದುಕೊಂಡರು. ಅಪ್ಪ ಪೇಪರಿನ ಪೊಟ್ಟಣ ಚಾಚಿದಾಗ ಮಾತ್ರ ಕೈ ಹಿಂದೆ ತೆಗೆದರು. “ಇದು ಬೇಡ. ಇಲ್ಲಿ ಎಲ್ಲರಿಗೂ ಒಂದೇ ಬಟ್ಟೆ.”

“ನಮ್ಮನೇಲೂ ಎಲ್ರಿಗೂ ಒಂದೇ ಬಟ್ಟೆನೇ ಸಿಸ್ಟರ್,” ಅಂದರು ಅಪ್ಪ.

ಜಗಳದ ದನಿಯಲ್ಲ. ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆಯ ಗುಣ ಹೇಳುವ ಹಾಗೆ, ಮೆಲ್ಲಗೆ. ಸಿಸ್ಟರ್ ಹೋಳಿಗೆಯ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದರು. ನಾನು ಓದುತ್ತಿದ್ದದ್ದೂ ಕಾನ್ವೆಂಟಿನಲ್ಲೇ. ಸಿಸ್ಟರುಗಳೆದುರು ಕೈ ಕಟ್ಟಿ ಬೆನ್ನು ನೆಟ್ಟಗೆ ಮಾಡಿ ನಿಲ್ಲುವುದು ರೂಢಿಯಾಗಿತ್ತು. ಹಾಗೇ ನಿಂತಿದ್ದೆ. ಕಣ್ಣು ಮಾತ್ರ ಅವರ ಸೊಂಟದ ಜಪಮಾಲೆಯ ಮೇಲೆ. ಒಂದು ಮಣಿ ಒಡೆದು ಅದರ ಜಾಗದಲ್ಲಿ ದಾರದ ಗಂಟು ಹಾಕಿತ್ತು.

ಬಂದದ್ದು ಬಂದಾಯಿತು, ಇಲ್ಲೇ ತೆಗೆಸೋಣ ಅಂದರು ಅಪ್ಪ. ಅಂಗಳದಲ್ಲಿ, ಮಠದ ಎರಡಂತಸ್ತಿನ ಹಳದಿ ಕಟ್ಟಡದ ಮುಂದೆ ನಿಂತೆವು. “ಅವಳಿರೋ ಮನೆಯಾದ್ರೂ ಬರ್ಲಿ,” ಅಂತ ಅಮ್ಮ. ನನ್ನ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗವನ್ನು ನಾವು ಯಾರೂ ಹೇಳದೆಯೇ ಬಿಟ್ಟಿದ್ದೆವು. ಅಲ್ಲಿಂದ ಗಾಳಿ ತಣ್ಣಗೆ ನನ್ನ ಕತ್ತಿಗೆ ತಾಗುತ್ತಿತ್ತು.

“ಅತ್ತಿಗೆ, ಸ್ವಲ್ಪ ನಗ್ರಿ,” ಅಂದ ಇಮ್ತಿಯಾಜ್ ಭಾಯ್. “ಕಾರ್ಡ್ ನೋಡಿದೋರು ಹಬ್ಬ ಅನ್ಬೇಕು, ತಿಥಿ ಅನ್ಬಾರ್ದು. ಏ ಪುಟ್ಟಿ, ನೀನ್ಯಾಕ ಹಿಂಗ? ಪ್ರತಿ ವರ್ಷ ನಿನ್ನ ಬಾಯಿ ಮುಚ್ಚಿಸೋದೇ ನಂಗೆ ಕೆಲಸ ಆಗಿತ್ತಲ್ಲೇ!”

ಒಳಗೆಲ್ಲೋ ಗಂಟೆ ಬಾರಿಸಿತು. ಮೇಲಿನಿಂದ ಚಪ್ಪಲಿಯಿಲ್ಲದ ಪಾದಗಳ ಸಪ್ಪಳ, ಮಳೆ ಶುರುವಾಗುವಾಗಿನ ಹಾಗೆ. ತಿರುಗಬೇಕೆನ್ನಿಸಿತು. “ರೆಡಿ, ಅಲ್ಲಾಡ್ಬ್ಯಾಡ್ರಿ,” ಅಂದ. ಅಲ್ಲಾಡಲಿಲ್ಲ. ಹಿಂದಿನಿಂದ ಯಾವ ಪಿಸುಮಾತೂ ಬರಲಿಲ್ಲ. ತಿರುಗಿದಾಗ ಮೇಲಿನ ಮೊಗಸಾಲೆ ಖಾಲಿ.

ಬರುವಾಗ ಬಸ್ಸಿನಲ್ಲಿ ಅಪ್ಪ ಪೊಟ್ಟಣವನ್ನು ಚೀಲಕ್ಕೆ ತುರುಕಿದ್ದರು. ಮಡಿಕೆ ಕೆಟ್ಟರೂ ಸರಿಯೆನ್ನುವ ಹಾಗೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಇಮ್ತಿಯಾಜ್ ಭಾಯ್ ಒಂದು ಪ್ರಿಂಟ್ ಹಾಕಿಸಿಕೊಂಡು ಮನೆಗೇ ಬಂದ. ಒಪ್ಪಿಗೆಯಾದರೆ ನಾಳೆ ಪ್ರೆಸ್ಸಿಗೆ. ಅಪ್ಪ ಕಾಲರ್ ನೆಟ್ಟಗೆ ಕೂತಿದೆಯೋ ಅಂತ ನೋಡಿದರು. ಅಮ್ಮ ತಮ್ಮ ಕಣ್ಣು ಮುಚ್ಚಿಲ್ಲ ಅಂತ ನೋಡಿ ಚಹಾ ಇಡಲು ಹೋದರು. ಆಮೇಲೆ ಅದು ನನ್ನ ಕೈಗೆ ಬಂತು.

ನಮ್ಮ ತಲೆಗಳ ಮೇಲೆ, ಮೇಲಂತಸ್ತಿನ ಮೊಗಸಾಲೆಯಲ್ಲಿ, ಬಿಳಿ ಬಟ್ಟೆಯ ಹುಡುಗಿಯರ ಸಾಲು ಅತ್ತ ತಿರುಗಿ ಒಳಗೆ ಹೋಗುತ್ತಿತ್ತು. ಕೊನೆಯವಳು ಸಾಲು ಬಿಟ್ಟು ನಿಂತಿದ್ದಳು, ಇತ್ತ ಮುಖ ಮಾಡಿ. ಮುಖ ಅಂದರೆ ರಾಗಿ ಕಾಳಿನಷ್ಟು. ಒಂದು ಕೈ ಮೂಗಿನ ಹತ್ತಿರ.

ನಾವು ಮೂವರೂ ಅವಳಿಗೆ ಬೆನ್ನು ಮಾಡಿ ನಿಂತಿದ್ದೆವು.

ಮೀಸೆಯೋ, ಕಣ್ಣು ಒರೆಸಿಕೊಳ್ಳುತ್ತಿದ್ದಳೋ, ಎಷ್ಟು ಹತ್ತಿರ ಹಿಡಿದರೂ ತಿಳಿಯಲಿಲ್ಲ. ಅಮ್ಮಾ ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು: ನಮ್ಮ ಕಾರ್ಡು ಮಠಕ್ಕೂ ಹೋಗುತ್ತದೆ. ಮೌನದ ಹೊತ್ತಿನಲ್ಲಿ ಸಾಲು ಬಿಟ್ಟು ನಿಂತಳೆಂದು ಅವರಿಗೆ ಗೊತ್ತಾದರೆ? ಬಾಯಿ ಮುಚ್ಚಿಕೊಂಡೆ.

ಈಗ ಅವಳಿಗೆ ಮಠದವರಿಟ್ಟ ಬೇರೆ ಹೆಸರಿದೆ. ದೂರದ ಉತ್ತರದ ಊರೊಂದರಲ್ಲಿ ಶಾಲೆ ನೋಡಿಕೊಳ್ಳುತ್ತಾಳೆ. ಯಾವಾಗಲೋ ಬಂದರೆ ಮನೆಯವರೆಲ್ಲ ಎದ್ದು ನಿಲ್ಲುತ್ತಾರೆ, ನನ್ನ ಮಕ್ಕಳು ದೊಡ್ಡಮ್ಮ ಅನ್ನದೆ ಸಿಸ್ಟರ್ ಅನ್ನುತ್ತಾರೆ, ಅಮ್ಮನೂ ಒಮ್ಮೊಮ್ಮೆ. ಅವಳ ಜಡೆ ಎಂದೋ ಹೋಯಿತು. ಆ ದಿನದ್ದು ಮೀಸೆಯೇನೇ ಅಂತ ಕೇಳಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತೇನೆ, ಅವಳಿಗೆ ಪ್ರಾರ್ಥನೆಯ ಹೊತ್ತಾಗುತ್ತದೆ. ನವಿಲುನೀಲಿ ಚೂಡಿದಾರವನ್ನು ನಾನು ಬೆಳೆದು ನಾನೇ ಹಾಕಿಕೊಂಡೆ. ಅಪ್ಪ ಬಿಟ್ಟಿದ್ದ ಹೆಚ್ಚಿನ ಬಟ್ಟೆ ನನಗೆ ಬೇಕಾಗಲಿಲ್ಲ. ಈಗ ಹಬ್ಬದ ಶುಭಾಶಯ ಫೋನಿನಲ್ಲಿ ಬಂದು ಫೋನಿನಲ್ಲೇ ಹೋಗುತ್ತದೆ. ಆ ವರ್ಷದ ಕಾರ್ಡು ಮಾತ್ರ ನನ್ನ ಬೀರುವಿನಲ್ಲಿದೆ. ಚುಕ್ಕಿ ಬಟ್ಟೆಯ ಮೂವರು; ಹಿಂದೆ, ಮೇಲಿನಿಂದ ಕೆಳಗಿನ ತನಕ, ಬರೀ ಹಳದಿ ಗೋಡೆ.

ಯಾಕೆಂದರೆ ಆ ಸಂಜೆ ಪಕ್ಕದ ಮನೆಯ ಬಸಮ್ಮಜ್ಜಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ನಮ್ಮ ಕಾರ್ಡುಗಳನ್ನು ವರ್ಷವರ್ಷವೂ ವಿಭೂತಿಗಟ್ಟಿಯ ಪಕ್ಕ ಜೋಡಿಸಿ ಇಟ್ಟುಕೊಳ್ಳುತ್ತಿದ್ದವರು ಅವರು. ಕನ್ನಡಕ ಮನೆಯಲ್ಲೇ ಬಿಟ್ಟಿದ್ದರು. ನನ್ನ ಕೈಯಿಂದ ಫೋಟೋ ತೆಗೆದುಕೊಂಡು, ದೀಪದ ಕೆಳಗೆ ಕೈ ದೂರ ಚಾಚಿ ನೋಡಿದರು.

“ಚಂದ ಬಂದೈತೆ ಬಿಡು. ಹಿಂದೆ ಯಾರೋ ಅಡ್ಡ ಬಂದಾರ ನೋಡಪ್ಪ ಇಮ್ತಿಯಾಜ, ಕಂಪ್ಯೂಟರ್‌ನಾಗ ಅದಷ್ಟೂ ಅಳಿಸಿಬಿಡು.”