ಅಮ್ಮನ ಸ್ನಾನ ಮತ್ತು ಮಸಿ ಹಿಡಿದ ಗೀಸರ್

ಗೆಳೆಯರೇ, ನಮ್ಮಮ್ಮ ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾರೆ ಎಂದು ಇವತ್ತು ಬೆಳಿಗ್ಗೆ ಗೊತ್ತಾಯಿತು.

ನನ್ನ ಗಂಡ ಗಿರೀಶ್ ಹಳೆಯ ಕ್ಯಾಂಪರ್ ಟ್ರೇಲರ್ ಕೊಂಡಿದ್ದಾರೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಮೈಸೂರಿನಿಂದ ಬಂದ ಅಮ್ಮನನ್ನು ಅದರಲ್ಲೇ ತಿರುವನಂತಪುರದ ಬಳಿಯ ತುಂಬಾ ಎಂಬ ಊರಿನ ಕಡಲತೀರಕ್ಕೆ ಕರೆತಂದು ಮೂರು ದಿನವಾಯಿತು. ಈ ಸೆಕೆಗೆ ನಾವಿಬ್ಬರೂ ತಣ್ಣೀರಲ್ಲೇ ಮಿಂದರೂ ಅಮ್ಮನಿಗೆ ಬಿಸಿನೀರೇ ಬೇಕು. ಕೇಳಿದಾಗಲೆಲ್ಲ “ನೀರು ಹದವಾಗಿತ್ತು” ಎನ್ನುತ್ತಿದ್ದರು.

ಇವತ್ತು ಟ್ರೇಲರಿನ ಗ್ಯಾಸ್ ಗೀಸರಿನ ಹೊಗೆಕಿಂಡಿಯ ಸುತ್ತ ಮಸಿ ಕಂಡು, ವಿಷದ ಹೊಗೆ ಬರುತ್ತಿದೆಯೇನೋ ಎಂದು ಹೆದರಿದೆ. “ಅಮ್ಮ ಇದರಲ್ಲೇ ಸ್ನಾನ ಮಾಡ್ತಿದ್ದಾರಲ್ರೀ!”

“ಆ ಮಸಿ ನೋಡಿ ಬಂದ ದಿನಾನೇ ಗೀಸರಿನ ಗ್ಯಾಸ್ ಬಂದ್ ಮಾಡಿದೀನಲ್ಲ,” ಎಂದರು ಗಿರೀಶ್. “ ನೀನು ಒಲೆ ಮೇಲೆ ನೀರು ಕಾಯಿಸಿ ಕೊಡ್ತಿದ್ದೀಯ ಅಂದ್ಕೊಂಡೆ.”

ಇಬ್ಬರೂ ಅಮ್ಮನ ಕಡೆ ತಿರುಗಿದೆವು.

“ಅಳಿಯಂದಿರು ಅಷ್ಟು ಆಸೆಯಿಂದ ಗೀಸರ್ ತೋರಿಸಿದ್ರು. ತಣ್ಣೀರು ಬರತ್ತೆ ಅಂತ ಹೇಗೆ ಹೇಳ್ಲಿ?” ಎಂದರು ಅಮ್ಮ.

ಗಿರೀಶ್ ಸೀದಾ ಹೋಗಿ ಗ್ಯಾಸ್ ರಿಪೇರಿಯ ಶಾಜಿ ಚೇಟ್ಟನನ್ನು, ಅಂದರೆ ಶಾಜಿ ಅಣ್ಣನನ್ನು, ಕರೆತಂದರು. ಅವರು ಬರ್ನರಿನ ಕೊಳವೆಗೆ ಬ್ರಶ್ ಹಾಕಿ ಜೇಡರ ಬಲೆ ಎಳೆದು ತೆಗೆದರು. “ಕಾಟ್ಟ್ ಕಿಟ್ಟುನ್ನಿಲ್ಲ ಮೋಳೇ, ಅದಾ ಕರಿ,” ಎಂದರು ಮಲಯಾಳಂನಲ್ಲಿ. ಗಾಳಿ ಸಿಗದೆ ಮಸಿ ಕಟ್ಟಿತ್ತಂತೆ. ಮತ್ತೆ ಹಚ್ಚಿದಾಗ ಉರಿ ನೀಲಿಯಾಗಿ ನಿಂತಿತು.

ಅಮ್ಮ ಸ್ನಾನ ಮುಗಿಸಿ ಕೆಂಪು ಮುಖ ಮಾಡಿಕೊಂಡು ಬಂದರು. “ಏನ್ರೀ ಇದು, ನೀರು ಮೈ ಸುಡತ್ತೆ!”

ಅತ್ತೆ ಕೊನೆಗೂ ಬಾಯ್ಬಿಟ್ಟು ದೂರಿದರಲ್ಲ ಅಂತ ಗಿರೀಶ್ ಮುಖ ಅರಳಿದ್ದು ನೋಡಬೇಕಿತ್ತು. ನಾನು ದೂರಿದರೆ ಮಾತ್ರ ಆ ಮುಖ ಕಾಣಸಿಗುವುದಿಲ್ಲ.